ಮಣ್ಣು ಭಾರವಾಗಿ ಕುಸಿಯುವುದಿಲ್ಲ, ಹಿಡಿತ ಬಿಟ್ಟು ಕುಸಿಯುತ್ತದೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಗುಡ್ಡ ಕುಸಿತದ ವರದಿಯನ್ನು ಎರಡು ಸಲ ಓದಿದೆ. ವರದಿಗಾರರು ಸ್ಥಳಕ್ಕೆ ಹೋಗಿ, ಜನರನ್ನು ಮಾತಾಡಿಸಿ ಬರೆದಿದ್ದಾರೆ. ಅದಕ್ಕೆ ನನ್ನ ಮೆಚ್ಚುಗೆ ಇದೆ. ಆದರೆ ಅದರ ಒಂದು ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಮಳೆ ನೀರು ಕುಡಿದು ಮಣ್ಣು ಭಾರವಾಯಿತು, ಆ ಭಾರಕ್ಕೇ ಗುಡ್ಡ ಜಾರಿತು ಎಂದು ಬರೆದಿದ್ದಾರೆ. ಇದು ನಿಮ್ಮೊಬ್ಬರ ಮಾತಲ್ಲ. ಪ್ರತಿ ಮಳೆಗಾಲದಲ್ಲೂ ಎಲ್ಲ ಕಡೆ ಇದನ್ನೇ ಹೇಳುತ್ತಾರೆ. ಕೆಲಸ ಮಾಡಿಸುವ ಎಂಜಿನಿಯರುಗಳ ಬಾಯಲ್ಲೂ ಕೇಳಿದ್ದೇನೆ. ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಹಾಗಾಗಿಯೇ ಯಾರೂ ಪ್ರಶ್ನೆ ಮಾಡುವುದಿಲ್ಲ.

ನಾನು 31 ವರ್ಷ ಮಣ್ಣು ಪರೀಕ್ಷೆಯ ಲ್ಯಾಬ್‌ನಲ್ಲಿ ದುಡಿದವಳು. ಬೋರ್‌ಹೋಲ್‌ನಿಂದ ಬಂದ ಸ್ಯಾಂಪಲ್ ಟ್ಯೂಬಿನ ಬಾಯಿಗೆ ಹಚ್ಚಿದ ಮೇಣ ಕೆರೆದು ತೆಗೆಯುವುದು, ಮಣ್ಣನ್ನು ಅಲುಗಾಡದಂತೆ ಹೊರಗೆ ತಳ್ಳುವುದು, ತಂತಿಗರಗಸದಲ್ಲಿ ಕತ್ತರಿಸುವುದು, ತೂಗುವುದು, ಒಣಗಿಸುವುದು, ಮತ್ತೆ ತೂಗುವುದು. ಇದೇ ನನ್ನ ದಿನಚರಿಯಾಗಿತ್ತು. ಆ ಅನುಭವದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಪೂರ್ತಿ ಓದಿ.

ಮೊದಲು ಭಾರದ ವಿಷಯ. ಇಳಿಜಾರಿನಲ್ಲಿರುವ ಮಣ್ಣಿನ ಭಾರ ಒಂದೇ ಕೆಲಸ ಮಾಡುವುದಿಲ್ಲ. ಒಂದು ಕಡೆ ಅದು ಮಣ್ಣನ್ನು ಕೆಳಕ್ಕೆ ಎಳೆಯುತ್ತದೆ. ಇನ್ನೊಂದು ಕಡೆ ಅಡಿಯ ಪದರವನ್ನು ಒತ್ತಿ ಹಿಡಿದು ಘರ್ಷಣೆಯನ್ನು ಹೆಚ್ಚಿಸುತ್ತದೆ. ಭಾರ ಜಾಸ್ತಿಯಾದರೆ ಎರಡೂ ಜಾಸ್ತಿಯಾಗುತ್ತವೆ. ಹಾಗಾಗಿ ಭಾರವೊಂದೇ ಹೆಚ್ಚಾದರೆ ಗುಡ್ಡಕ್ಕೆ ಆಗುವ ನಷ್ಟ ಕಡಿಮೆ.

ಒಂದು ಲೆಕ್ಕ ಕೊಡುತ್ತೇನೆ. 40 ಡಿಗ್ರಿ ಇಳಿಜಾರು ಇದೆ ಎಂದುಕೊಳ್ಳಿ. ಮೇಲ್ಮೈಯಿಂದ 2 ಮೀಟರ್ ಆಳದಲ್ಲಿ ಮಣ್ಣು ಜಾರುತ್ತದೆಯೇ ಎಂದು ನೋಡಬೇಕು. ಮಣ್ಣಿನ ಘರ್ಷಣೆ ಕೋನ, ಅಂದರೆ ಕಣಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಘರ್ಷಣೆಯ ಅಳತೆ, 34 ಡಿಗ್ರಿ. ಬೇಸಿಗೆಯಲ್ಲಿ ಅದರ ಅಂಟು, ಅಂದರೆ ಕಣಗಳು ಒಂದನ್ನೊಂದು ಹಿಡಿದುಕೊಳ್ಳುವ ಬಲ, ಒತ್ತಡದ ಅಳತೆಯಲ್ಲಿ 10 ಕಿಲೋಪಾಸ್ಕಲ್, ತೂಕ ಒಂದು ಘನ ಮೀಟರಿಗೆ 18 ಕಿಲೋನ್ಯೂಟನ್. ಹಿಡಿದಿಡುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದರೆ 1.37 ಬರುತ್ತದೆ. ಒಂದಕ್ಕಿಂತ ಹೆಚ್ಚು, ಅಂದರೆ ಗುಡ್ಡ ನಿಲ್ಲುತ್ತದೆ. ಈಗ ಮಳೆ ಬಂತು, ತೂಕ 20 ಆಯಿತು, ಬೇರೇನೂ ಬದಲಾಗಲಿಲ್ಲ ಅನ್ನೋಣ. ಅಂಕ 1.31ಕ್ಕೆ ಇಳಿಯುತ್ತದೆ. ಗುಡ್ಡ ಆಗಲೂ ನಿಂತೇ ಇರುತ್ತದೆ. ಇನ್ನು ತೂಕವನ್ನು ಬಿಟ್ಟು, ಆ 10 ಕಿಲೋಪಾಸ್ಕಲ್ ಅಂಟು ಮಾತ್ರ ಹೋಯಿತು ಅನ್ನಿ. ಅಂಕ 0.80. ಗುಡ್ಡ ಕೆಳಗೆ ಬಂದಿರುತ್ತದೆ.

ಅಂದರೆ ಕೇಳಬೇಕಾದ ಪ್ರಶ್ನೆ ಬೇರೆ. ಆ ಅಂಟು ಎಲ್ಲಿಂದ ಬಂದಿತ್ತು? ಮಳೆಗೆ ಎಲ್ಲಿ ಹೋಯಿತು?

ಮರಳಿನಲ್ಲಿ ಗೂಡು ಕಟ್ಟಿ ಆಡಿದವರಿಗೆಲ್ಲ ಉತ್ತರ ಗೊತ್ತು. ಪೂರ್ತಿ ಒಣಗಿದ ಮರಳು ಕೈಯಿಂದ ಸುರಿದು ಹೋಗುತ್ತದೆ. ನೀರಿನಲ್ಲಿ ಮುಳುಗಿದ ಮರಳೂ ಹರಿದು ಹೋಗುತ್ತದೆ. ಇವೆರಡರ ನಡುವೆ, ಸ್ವಲ್ಪ ತೇವ ಇದ್ದಾಗ, ಅದೇ ಮರಳು ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಮರಳಿಗೆ ನಾವು ಯಾವ ಅಂಟನ್ನೂ ಹಾಕಿಲ್ಲ. ಕಣ ಕಣದ ನಡುವೆ ಸಣ್ಣ ನೀರಿನ ಹನಿ ಸಿಕ್ಕಿಕೊಂಡಿರುತ್ತದೆ. ಅದರ ಅಂಚು ಒಳಕ್ಕೆ ಬಾಗಿರುತ್ತದೆ. ಆ ಬಾಗಿದ ಅಂಚು ನೀರನ್ನು ಎಳೆದು ಹಿಡಿದಿರುತ್ತದೆ, ನೀರು ಕಣಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಈ ಎಳೆತಕ್ಕೆ ನಮ್ಮ ಕೆಲಸದಲ್ಲಿ ಸಕ್ಷನ್ ಅನ್ನುತ್ತೇವೆ. ಗಾಳಿ, ನೀರು ಎರಡೂ ಇರುವ ಇಂಥ ಮಣ್ಣಿಗೆ ಪುಸ್ತಕದಲ್ಲಿ ಅನ್‌ಸ್ಯಾಚುರೇಟೆಡ್ ಸಾಯಿಲ್ ಎಂದು ಹೆಸರು. ಈ ಪತ್ರದಲ್ಲಿ ನಾನು ಅರೆತೇವದ ಮಣ್ಣು ಅನ್ನುತ್ತೇನೆ.

ಎಳೆತ ಎಷ್ಟು ಎನ್ನುವುದು ಸಂದಿಯ ಗಾತ್ರದ ಮೇಲೆ ನಿಂತಿದೆ. ನೀರಿನ ಅಂಚಿನ ಬಾಗು 0.1 ಮಿಲಿಮೀಟರ್ ತ್ರಿಜ್ಯದ್ದಾಗಿದ್ದರೆ ಎಳೆತ ಸುಮಾರು 1.4 ಕಿಲೋಪಾಸ್ಕಲ್. ಹದಿನೈದು ಸೆಂಟಿಮೀಟರ್ ನೀರನ್ನು ಮೇಲಕ್ಕೆತ್ತಿ ಹಿಡಿಯುವಷ್ಟು. ತ್ರಿಜ್ಯ ಹತ್ತನೇ ಒಂದು ಭಾಗವಾದರೆ ಎಳೆತ ಹತ್ತು ಪಟ್ಟು. ಸಾವಿರದಲ್ಲಿ ಒಂದು ಮಿಲಿಮೀಟರ್ ಆದರೆ 144 ಕಿಲೋಪಾಸ್ಕಲ್. ನಮ್ಮ ಸುತ್ತಲಿನ ಗಾಳಿಯ ಒತ್ತಡವೇ ಸುಮಾರು 101 ಕಿಲೋಪಾಸ್ಕಲ್. ಅದನ್ನೂ ಮೀರಿಸುವ ಎಳೆತ ಒಂದು ಹಿಡಿ ಜೇಡಿಮಣ್ಣಿನ ಒಳಗೆ ಸದ್ದಿಲ್ಲದೆ ಕೂತಿರುತ್ತದೆ. ಸಾಮಾನ್ಯ ಗಿಡಗಳು ಬಾಡಿ ಚೇತರಿಸಿಕೊಳ್ಳಲಾರದ ಮಟ್ಟವನ್ನು ಸುಮಾರು 1,500 ಕಿಲೋಪಾಸ್ಕಲ್ ಎಂದು ಹಿಡಿಯುತ್ತಾರೆ. ಅದಕ್ಕಿಂತ ಮೇಲೆ ಮಣ್ಣಿನಲ್ಲಿ ನೀರಿದ್ದರೂ ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ.

ಮಳೆ ಬಂದಾಗ ಏನಾಗುತ್ತದೆ? ಸಂದಿಗಳಲ್ಲಿ ನೀರು ತುಂಬುತ್ತಾ ಹೋಗುತ್ತದೆ. ಬಾಗಿದ ಅಂಚು ಚಪ್ಪಟೆಯಾಗುತ್ತಾ ಹೋಗುತ್ತದೆ. ಎಳೆತ ಸಡಿಲವಾಗುತ್ತದೆ. ಪೂರ್ತಿ ತುಂಬಿದರೆ ಅಂಚೇ ಇರುವುದಿಲ್ಲ, ಎಳೆತವೂ ಇರುವುದಿಲ್ಲ. ಕೆಲವು ಕಡೆ ಇನ್ನೂ ಮುಂದೆ ಹೋಗಿ ನೀರು ಒಳಗಿಂದ ಕಣಗಳನ್ನು ದೂರ ತಳ್ಳುತ್ತದೆ. ಆದರೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಎಷ್ಟೋ ಗುಡ್ಡಗಳು ಅಂತರ್ಜಲ ಮೇಲೆ ಬರುವ ಮೊದಲೇ, ಬರೀ ಎಳೆತ ಹೋಗಿದ್ದಕ್ಕೇ ಜಾರುತ್ತವೆ.

ಮಳೆ ನಿಂತ ಮೇಲೆ ಯಾಕೆ ಕುಸಿಯಿತು ಎಂದು ನಿಮ್ಮ ವರದಿಯಲ್ಲಿ ಒಬ್ಬರು ಕೇಳಿದ್ದರು. ತುಂಬಾ ಒಳ್ಳೆಯ ಪ್ರಶ್ನೆ. ಮಳೆ ನೀರು ಮಣ್ಣಿನೊಳಗೆ ಒಂದು ಗೆರೆ ಎಳೆದ ಹಾಗೆ ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಗೆರೆಯ ಮೇಲೆ ನೆನೆದ ಮಣ್ಣು, ಕೆಳಗೆ ಹಳೆಯ ಅರೆತೇವದ ಮಣ್ಣು. ಮಣ್ಣಿನ ಗಾತ್ರದಲ್ಲಿ ನೂರಕ್ಕೆ 40 ಭಾಗ ಸಂದಿ ಇದೆ, ಆ ಸಂದಿಯಲ್ಲಿ ನೂರಕ್ಕೆ 60 ಭಾಗ ನೀರಿದ್ದದ್ದು 90 ಆಯಿತು ಅನ್ನಿ. ಆಗ 180 ಮಿಲಿಮೀಟರ್ ನೀರು ಇಂಗಿದರೆ ಗೆರೆ ಒಂದೂವರೆ ಮೀಟರ್ ಆಳಕ್ಕೆ ಹೋಗುತ್ತದೆ. ಅದೇ ಮಣ್ಣು ಹಿಂದಿನ ವಾರದ ಮಳೆಗೆ ಆಗಲೇ 75 ಭಾಗ ನೆನೆದಿದ್ದರೆ ಅಷ್ಟೇ ನೀರಿಗೆ 3 ಮೀಟರ್. ಅದಕ್ಕೇ ಆ ದಿನದ ಮಳೆಯ ಲೆಕ್ಕ ಒಂದೇ ಸಾಲದು. ಹಿಂದಿನ ದಿನಗಳ ಮಳೆ ಎಷ್ಟು ಎಂದೂ ಬರೆಯಬೇಕು. ಇಳಿಯುವ ವೇಗವೂ ಮಣ್ಣಿನಿಂದ ಮಣ್ಣಿಗೆ ಬೇರೆ. ಮಳೆ ನಿಂತ ಮೇಲೂ ಗೆರೆ ಇಳಿಯುತ್ತಲೇ ಇರಬಹುದು.

ಇನ್ನೊಂದು ವಿಚಿತ್ರ ಹೇಳಿಬಿಡುತ್ತೇನೆ. ಒಣಗಿದ ಜಲ್ಲಿಯಲ್ಲಿ ನೀರು ಸರಾಗವಾಗಿ ಇಳಿಯುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ನುಣ್ಣನೆಯ ಮಣ್ಣಿನ ಕೆಳಗೆ ಒಣ ಜಲ್ಲಿಯ ಪದರ ಇದ್ದರೆ, ಮೇಲಿನ ಮಣ್ಣು ಹೆಚ್ಚುಕಡಿಮೆ ತುಂಬುವವರೆಗೆ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ನುಣ್ಣನೆಯ ಸಂದಿಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಸದ ರಾಶಿಯ ಮೇಲೆ ಮಳೆ ನೀರು ಇಳಿಯದಂತೆ ಮುಚ್ಚಿಗೆ ಮಾಡಲು ಈ ಗುಣವನ್ನೇ ಬಳಸುತ್ತಾರೆ.

ಇಷ್ಟು ಸರಳ ವಿಷಯ ಯಾಕೆ ಎಲ್ಲರಿಗೂ ಗೊತ್ತಿಲ್ಲ? ನನಗೆ ಅನ್ನಿಸುವುದು ಇದು. ನಾವು ಓದುವಾಗ ಮಣ್ಣಿಗೆ ಎರಡೇ ಸ್ಥಿತಿ ಇತ್ತು. ಒಂದು ಒಣ ಮಣ್ಣು, ಇನ್ನೊಂದು ನೀರು ತುಂಬಿದ ಮಣ್ಣು. ಮಣ್ಣಿನ ಎಂಜಿನಿಯರಿಂಗ್ ಶಾಸ್ತ್ರಕ್ಕೆ ಬುನಾದಿ ಹಾಕಿದ ಕಾರ್ಲ್ ಟೆರ್ಜಾಗಿ 1936ರಲ್ಲಿ ಸ್ಪಷ್ಟವಾಗಿ ಹೇಳಿದ ಸೂತ್ರ ನೀರು ತುಂಬಿದ ಮಣ್ಣಿಗೆ ಸಂಬಂಧಿಸಿದ್ದು. ಒಟ್ಟು ಒತ್ತಡದಲ್ಲಿ ನೀರಿನ ಒತ್ತಡ ಕಳೆದರೆ ಉಳಿಯುವುದೇ ಮಣ್ಣಿನ ಕಣಗಳು ಹೊರುವ ಒತ್ತಡ. ಇಡೀ ಶಾಸ್ತ್ರ ಆ ಒಂದು ಕಳೆಯುವ ಲೆಕ್ಕದ ಮೇಲೆ ಬೆಳೆಯಿತು. ಅದು ತಪ್ಪಲ್ಲ. ಆದರೆ ಮನೆಯ ಪಾಯ, ರಸ್ತೆಯ ಅಡಿ, ಕತ್ತರಿಸಿದ ಗುಡ್ಡ, ತಂದು ಸುರಿದು ದಮ್ಮಸು ಮಾಡಿದ ಭರ್ತಿ ಮಣ್ಣು, ಇವೆಲ್ಲ ಬಹುಪಾಲು ಅಂತರ್ಜಲದ ಮೇಲಿನ ಮಣ್ಣಿನಲ್ಲಿ ಇರುತ್ತವೆ. ಅಂದರೆ ಅರೆತೇವದ ಮಣ್ಣಿನಲ್ಲಿ. ನಾವು ದಿನಾ ಮೆಟ್ಟುವ ಮಣ್ಣಿನ ಬಗ್ಗೆಯೇ ನಮಗೆ ಪಾಠ ಇರಲಿಲ್ಲ.

ಆ ಸೂತ್ರವನ್ನು ಅರೆತೇವದ ಮಣ್ಣಿಗೆ ಹೊಂದಿಸಲು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಅಲನ್ ಬಿಷಪ್ ಪ್ರಯತ್ನಪಟ್ಟರು. 1959ರಲ್ಲಿ ಪ್ರಕಟವಾದ ಅವರ ಸೂತ್ರದಲ್ಲಿ ಸಕ್ಷನ್ನನ್ನು ಒಂದು ಗುಣಕದಿಂದ ಗುಣಿಸಿ ಸೇರಿಸುತ್ತಾರೆ. ಮಣ್ಣು ಪೂರ್ತಿ ತುಂಬಿದ್ದರೆ ಗುಣಕ 1, ಪೂರ್ತಿ ಒಣಗಿದ್ದರೆ 0. ನೋಡಲು ಚೆಂದದ ಸೂತ್ರ. ಮರಳು ಪೂರ್ತಿ ಒಣಗಿದಾಗ ಯಾಕೆ ಉದುರುತ್ತದೆ ಎನ್ನುವುದಕ್ಕೂ ಅದರಲ್ಲಿ ಉತ್ತರ ಇದೆ. ಆದರೆ 1962ರಲ್ಲಿ ಜೆನ್ನಿಂಗ್ಸ್ ಮತ್ತು ಬರ್ಲ್ಯಾಂಡ್ ಎಂಬ ಇಬ್ಬರು ಇದಕ್ಕೊಂದು ಮಿತಿ ಇದೆ ಎಂದು ತೋರಿಸಿದರು. ಅವರು ತೋರಿಸಿದ್ದನ್ನು ನಾನು ನನ್ನ ಕಣ್ಣಾರೆ ನೋಡಿದ್ದೇನೆ. ಅದನ್ನು ಹೇಳದೆ ಮುಂದೆ ಹೋಗಲಾರೆ.

ಕೆಲಸಕ್ಕೆ ಸೇರಿದ ಹೊಸತು. ಭರ್ತಿ ಮಣ್ಣಿನ ಒಂದು ಬಿಲ್ಲೆ, ಮಣ್ಣನ್ನು ಮೇಲಿಂದ ಒತ್ತಿ ಎಷ್ಟು ತಗ್ಗುತ್ತದೆ ಎಂದು ಅಳೆಯುವ ಒಡೋಮೀಟರ್‌ನಲ್ಲಿ ಇತ್ತು. 20 ಮಿಲಿಮೀಟರ್ ದಪ್ಪ. ಅದರ ಮೇಲೆ 200 ಕಿಲೋಪಾಸ್ಕಲ್ ಒತ್ತಡ ಹಾಕಿ ಒಂದು ದಿನ ಬಿಟ್ಟಿದ್ದೆವು. ಡಯಲ್ ಗೇಜಿನ ಮುಳ್ಳು ನಿಂತುಹೋಗಿತ್ತು. ಇನ್ನು ತಗ್ಗುವುದಿಲ್ಲ ಎಂದು ಬರೆದುಕೊಂಡೆ. ನನಗಿಂತ ಹಿರಿಯರೊಬ್ಬರು ಪಕ್ಕದಲ್ಲಿ ನಿಂತು, "ಈಗ ನೀರು ಹಾಕಿ ನೋಡಮ್ಮ" ಅಂದರು. ಸುತ್ತಲಿನ ಬಟ್ಟಲಿಗೆ ನೀರು ಸುರಿದೆ. ತೂಕ ಒಂದು ಗ್ರಾಂ ಕೂಡ ಸೇರಿಸಿರಲಿಲ್ಲ. ಮುಳ್ಳು ಓಡತೊಡಗಿತು. ಒಂದು ಸುತ್ತು, ಇನ್ನೊಂದು ಸುತ್ತು. ನಾನು ಅಂಕಿ ಬರೆಯುವುದನ್ನೇ ಮರೆತು ನೋಡುತ್ತಾ ನಿಂತೆ. ಕೊನೆಗೆ ಲೆಕ್ಕ ಹಾಕಿದಾಗ 1.6 ಮಿಲಿಮೀಟರ್ ಕುಸಿದಿತ್ತು, ನೂರಕ್ಕೆ 8 ಭಾಗ. 5 ಮೀಟರ್ ಎತ್ತರದ ಭರ್ತಿ ಇಡೀ ಹೀಗೆ ಕುಸಿದರೆ 40 ಸೆಂಟಿಮೀಟರ್ ತಗ್ಗುತ್ತದೆ. ಅದರ ಮೇಲೆ ಕಟ್ಟಿದ ಗೋಡೆಯ ಗತಿ ನೀವೇ ಊಹಿಸಿ.

ಇದರಲ್ಲಿ ತೊಡಕು ಎಲ್ಲಿದೆ ಅಂದರೆ, ನೀರು ಹಾಕಿದರೆ ಎಳೆತ ಕಡಿಮೆಯಾಗುತ್ತದೆ. ಎಳೆತ ಕಡಿಮೆಯಾದರೆ ಕಣಗಳ ಮೇಲಿನ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಮಣ್ಣು ಉಬ್ಬಬೇಕು. ಬಿಷಪ್ ಅವರ ಸೂತ್ರ ಹೇಳುವುದು ಹಾಗೆ. ಆದರೆ ನನ್ನ ಮುಂದಿದ್ದ ಮಣ್ಣು ಕುಸಿಯಿತು. ಯಾಕೆಂದರೆ ಎಳೆತ ಒತ್ತಡವನ್ನಷ್ಟೇ ಕೊಡುವುದಿಲ್ಲ, ಕಣಗಳು ಕಟ್ಟಿಕೊಂಡ ಸಡಿಲ ಗೂಡನ್ನೂ ಹಿಡಿದು ನಿಲ್ಲಿಸಿರುತ್ತದೆ. ಎಳೆತ ಹೋದ ಕೂಡಲೇ ಗೂಡು ಒಳಕ್ಕೆ ಮುರಿದು ಬೀಳುತ್ತದೆ. ಒಂದೇ ಅಂಕಿಯಲ್ಲಿ ಇವೆರಡನ್ನೂ ಹಿಡಿಯಲು ಆಗುವುದಿಲ್ಲ. ಮುಂದೆ 1977ರಲ್ಲಿ ಕೆನಡಾದ ಫ್ರೆಡ್ಲಂಡ್ ಮತ್ತು ಮಾರ್ಗೆನ್‌ಸ್ಟರ್ನ್ ಎರಡು ಅಂಕಿಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ ಎಂದರು. ಒಂದು ಹೊರಗಿನ ಒತ್ತಡ, ಇನ್ನೊಂದು ಸಕ್ಷನ್. 1990ರಲ್ಲಿ ಬಾರ್ಸಿಲೋನಾದ ಅಲೊನ್ಸೊ, ಜೆನ್ಸ್, ಜೋಸಾ ಅವರ ಮಾದರಿ ಬಂತು. ಹಗುರ ಒತ್ತಡದಲ್ಲಿ ಉಬ್ಬುವ ಮಣ್ಣೇ ಹೆಚ್ಚು ಒತ್ತಡದಲ್ಲಿ ನೀರು ಬಿದ್ದರೆ ಯಾಕೆ ಕುಸಿಯುತ್ತದೆ ಎಂದು ಅದು ಒಂದೇ ಚೌಕಟ್ಟಿನಲ್ಲಿ ತೋರಿಸಿತು. ಆ ಚಿತ್ರ ಮೊದಲ ಸಲ ಅರ್ಥವಾದ ದಿನ ನನಗಾದ ಸಂತೋಷ ಈಗಲೂ ನೆನಪಿದೆ. ಆ ಓಡುವ ಮುಳ್ಳಿಗೆ ಕೊನೆಗೂ ಒಂದು ಕಾರಣ ಸಿಕ್ಕಿತ್ತು.

ಈ ಎಳೆತವನ್ನು ಅಳೆಯುವುದು ಸುಲಭವಲ್ಲ. ಅದಕ್ಕೂ ಇದು ಹಿಂದೆ ಬಿದ್ದಿದೆ. ಟೆನ್ಷಿಯೋಮೀಟರ್ ಎಂಬ ನೀರು ತುಂಬಿದ ಕೊಳವೆಯನ್ನು ಮಣ್ಣಿಗೆ ಚುಚ್ಚಿ ಅಳೆಯಬಹುದು. ಆದರೆ ಸುಮಾರು 80-90 ಕಿಲೋಪಾಸ್ಕಲ್ ಹತ್ತಿರ ಬಂದಾಗ ಒಳಗಿನ ನೀರಿನಲ್ಲೇ ಗುಳ್ಳೆ ಎದ್ದು ಅಳತೆ ಕೈಕೊಡುತ್ತದೆ. ಅದಕ್ಕಿಂತ ಎಷ್ಟೋ ಹೆಚ್ಚು ಎಳೆತವನ್ನು ನೇರವಾಗಿ ಅಳೆಯುವ ಉಪಕರಣವನ್ನು ರಿಡ್ಲಿ ಮತ್ತು ಬರ್ಲ್ಯಾಂಡ್ 1993ರಲ್ಲಿ ತೋರಿಸಿದರು. ಅದೇ ಬರ್ಲ್ಯಾಂಡ್, ಮೂವತ್ತೊಂದು ವರ್ಷದ ನಂತರ. ನಮ್ಮ ಲ್ಯಾಬ್‌ನಲ್ಲಿ ಅದು ಇರಲಿಲ್ಲ. ನಾವು ನೆಚ್ಚಿಕೊಂಡಿದ್ದು ಫಿಲ್ಟರ್ ಪೇಪರನ್ನು. ವಾಟ್‌ಮನ್ 42 ನಂಬರಿನ ದುಂಡನೆಯ ಕಾಗದ. ಮೂರು ಕಾಗದವನ್ನು ಮಣ್ಣಿನ ಎರಡು ಬಿಲ್ಲೆಗಳ ನಡುವೆ ಇಟ್ಟು, ಡಬ್ಬಿಗೆ ಹಾಕಿ, ಟೇಪ್ ಸುತ್ತಿ, ಬಿಸಿ ತಣ್ಣಗೆ ಆಗದ ಜಾಗದಲ್ಲಿ ಏಳು ದಿನ ಬಿಡಬೇಕು. ಮಣ್ಣು ತನ್ನ ಎಳೆತಕ್ಕೆ ತಕ್ಕಂತೆ ಕಾಗದಕ್ಕೆ ನೀರು ಕೊಡುತ್ತದೆ. ಎಂಟನೇ ದಿನ ನಡುವಿನ ಕಾಗದವನ್ನು ಚಿಮಟದಲ್ಲಿ ಎತ್ತಿ ಕೆಲವೇ ಸೆಕೆಂಡಿನಲ್ಲಿ ಮುಚ್ಚಳದ ಡಬ್ಬಿಗೆ ಹಾಕಿ ತೂಗಬೇಕು. ಒಂದು ಗ್ರಾಂನ ಹತ್ತು ಸಾವಿರದಲ್ಲಿ ಒಂದು ಭಾಗದ ಲೆಕ್ಕ. ಉಸಿರು ಬಿಗಿ ಹಿಡಿದೇ ಮಾಡುತ್ತಿದ್ದೆ. ಕೈ ಒಂದು ಕ್ಷಣ ತಡವಾದರೆ ಕಾಗದ ಗಾಳಿಗೆ ಒಣಗಿ ಏಳು ದಿನದ ಕೆಲಸ ಹಾಳು.

ಈಗ ನನಗೆ ಹೇಳಲು ಕಷ್ಟವಾದ ವಿಷಯ. ಪೈಪ್ ಹಾಕಲು ಒಂದು ಕಡೆ ಕಾಲುವೆ ತೋಡುತ್ತಿದ್ದರು. ಆಳ 2.6 ಮೀಟರ್, ಗೋಡೆ ನೆಟ್ಟಗೆ. ಮಣ್ಣಿನ ವರದಿ ನಮ್ಮದು. ಬೇಸಿಗೆಯಲ್ಲಿ ತೆಗೆದ ಸ್ಯಾಂಪಲ್, ಬಂದ ತೇವದಲ್ಲೇ ಪರೀಕ್ಷೆ ಮಾಡಿದ್ದು. ಅಂಟು 14 ಕಿಲೋಪಾಸ್ಕಲ್, ಘರ್ಷಣೆ ಕೋನ 30 ಡಿಗ್ರಿ ಎಂದು ಬರೆದಿದ್ದೆವು. ನೆನೆಸಿ ಇನ್ನೊಂದು ಸಲ ಪರೀಕ್ಷೆ ಮಾಡೋಣ ಎಂದು ನಾನು ಕೇಳಿದ್ದೆ. ಒಂದು ವಾರ ತಡವಾಗುತ್ತದೆ, ಬೇಡ ಎಂದು ಕೆಲಸ ಕೊಟ್ಟವರು ಹೇಳಿದರು. ನಾನು ಸುಮ್ಮನಾದೆ, ಸಹಿ ಹಾಕಿದೆ. ಆ ಅಂಕಿಗಳನ್ನು ಸೂತ್ರಕ್ಕೆ ಹಾಕಿದರೆ, ಮೇಲೆ ಬಿರುಕು ಬಿಡುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ, ಮೂರೂವರೆ ಮೀಟರ್ ಎತ್ತರದ ಗೋಡೆ ಆಸರೆಯಿಲ್ಲದೆ ನಿಲ್ಲುತ್ತದೆ. ಹಾಗಾಗಿ ಹಲಗೆ, ಆಸರೆ ಯಾವುದನ್ನೂ ಹಾಕಲಿಲ್ಲ.

ಏಳನೇ ದಿನವೋ ಎಂಟನೇ ದಿನವೋ ನಾನು ಬೇರೆ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆ. ಒಳಗೆ ಇಳಿದಿದ್ದ ಹುಡುಗನಿಗೆ ಹುಷಾರು ಅಂದೆ. "ವಾರದಿಂದ ಹೀಗೇ ನಿಂತಿದೆ ಮೇಡಂ, ಏನೂ ಆಗಲ್ಲ" ಅಂದ. ಒಂಬತ್ತನೇ ದಿನದ ರಾತ್ರಿ ಎರಡು ಗಂಟೆ ಮಳೆ ಬಂತು. ದೊಡ್ಡ ಮಳೆ ಅಲ್ಲ. ಕಾಲುವೆಯ ಅಂಚಿನಿಂದ ಒಂದು ಮೊಳ ಹಿಂದೆ ಬಿಸಿಲಿಗೆ ಬಿಟ್ಟಿದ್ದ ಬಿರುಕಿನೊಳಗೆ ನೀರು ಇಳಿಯಿತು. ಬೆಳಿಗ್ಗೆ ಕೆಲಸ ಶುರುವಾಗಿ ಅರ್ಧ ಗಂಟೆಗೆ ಒಂದು ಪಕ್ಕದ ಗೋಡೆ ಕುಸಿಯಿತು. ಅದೇ ಹುಡುಗ ಎದೆಯವರೆಗೆ ಹೂತುಹೋದ. ಒಂದು ಘನ ಮೀಟರ್ ಮಣ್ಣು ಸುಮಾರು 1,800 ಕಿಲೋ ತೂಗುತ್ತದೆ. ಎದೆಯ ಸುತ್ತ ಅಷ್ಟು ಮಣ್ಣು ಬಿಗಿದರೆ, ಮುಖ ಹೊರಗಿದ್ದರೂ ಉಸಿರು ಒಳಗೆ ಎಳೆದುಕೊಳ್ಳಲು ಆಗುವುದಿಲ್ಲ. ಜೊತೆಯವರು ಕೈಯಲ್ಲೇ ಕೆದಕಿ ನಲವತ್ತು ನಿಮಿಷಕ್ಕೆ ಹೊರಗೆ ತೆಗೆದರು. ಎರಡು ಪಕ್ಕೆಲುಬು ಮುರಿದಿತ್ತು, ಜೀವ ಉಳಿಯಿತು.

ನಮ್ಮ ಅಂಕಿ ಸುಳ್ಳಲ್ಲ. ಬೇಸಿಗೆಯ ಆ ದಿನ ಆ ಮಣ್ಣಿಗೆ 14 ಕಿಲೋಪಾಸ್ಕಲ್ ಅಂಟು ಇತ್ತು. ಆಮೇಲೆ ಉಳಿದ ಬಿಲ್ಲೆಗಳನ್ನು ನಾನೇ ನೆನೆಸಿ ಪರೀಕ್ಷೆ ಮಾಡಿದೆ. ಅಂಟು ಒಂದು ಕಿಲೋಪಾಸ್ಕಲ್ ಕೂಡ ಬರಲಿಲ್ಲ. ಘರ್ಷಣೆ ಕೋನ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂದರೆ ಆ ಇಡೀ ಅಂಟು ಮಣ್ಣಿನ ಸ್ವಂತದ್ದಲ್ಲ, ಬೇಸಿಗೆ ಕೊಟ್ಟ ಸಾಲ. ಅದನ್ನು ಮಣ್ಣಿನ ಗುಣ ಎಂದು ವರದಿಯ ಕಾಲಂನಲ್ಲಿ ನಾನು ಬರೆದೆ. ಆ ದಿನದಿಂದ ನಿವೃತ್ತಿಯವರೆಗೆ, ಪರೀಕ್ಷೆ ಮಾಡಿದಾಗ ಮಣ್ಣಿನಲ್ಲಿ ಎಷ್ಟು ತೇವ ಇತ್ತು, ನೆನೆಸಿದಾಗ ಅಂಟು ಎಷ್ಟು ಉಳಿಯಿತು ಎಂಬ ಎರಡು ಸಾಲು ಬರೆಯದೆ ನಾನು ಯಾವ ವರದಿಗೂ ಸಹಿ ಹಾಕಲಿಲ್ಲ. ಕೆಲವರಿಗೆ ಬೇಸರವಾಯಿತು, ಆಗಲಿ.

ಇದೇ ಪಾಠವನ್ನು ಹಾಂಗ್‌ಕಾಂಗ್ ತುಂಬಾ ದೊಡ್ಡ ಬೆಲೆ ಕೊಟ್ಟು ಕಲಿತಿದೆ. 1972ರ ಜೂನ್ 18ರಂದು, ದಿನಗಟ್ಟಲೆ ಸುರಿದ ಮಳೆಯ ನಂತರ, ಸೌ ಮೌ ಪಿಂಗ್ ಎಂಬಲ್ಲಿ ಭರ್ತಿ ಮಣ್ಣಿನ ಇಳಿಜಾರು ಕುಸಿದು 71 ಜನ ಸತ್ತರು. ಅದೇ ದಿನ ಪೋ ಶಾನ್ ರಸ್ತೆಯಲ್ಲಿ ಗುಡ್ಡ ಜಾರಿ 67 ಜನ. ನಾಲ್ಕು ವರ್ಷ ಕಳೆದು 1976ರ ಆಗಸ್ಟ್ 25ಕ್ಕೆ ಸೌ ಮೌ ಪಿಂಗ್‌ನಲ್ಲೇ ಇನ್ನೊಂದು ಭರ್ತಿ ಕುಸಿಯಿತು, 18 ಜನ ಹೋದರು. ಸರಿಯಾಗಿ ದಮ್ಮಸು ಮಾಡದೆ ಸುರಿದ ಸಡಿಲ ಮಣ್ಣು ಅದು. ಅರೆತೇವದಲ್ಲಿ ಇರುವಷ್ಟು ದಿನ ಎಳೆತದ ಬಲದಿಂದ ನಿಂತಿತ್ತು. ನೆನೆದಾಗ ಗೂಡು ಮುರಿಯಿತು, ಮಣ್ಣು ಕೆಸರಿನ ಹಾಗೆ ಹರಿಯಿತು. ನನ್ನ ಒಡೋಮೀಟರ್‌ನ 20 ಮಿಲಿಮೀಟರ್ ಬಿಲ್ಲೆಯಲ್ಲಿ ಗೂಡು ಮುರಿದ ಹಾಗೆಯೇ ಒಂದು ಇಡೀ ಇಳಿಜಾರಿನಲ್ಲಿ ಮುರಿದಿತ್ತು. 1977ರಲ್ಲಿ ಅಲ್ಲಿ ಇಳಿಜಾರುಗಳನ್ನು ನೋಡಿಕೊಳ್ಳಲೆಂದೇ ಒಂದು ಸರ್ಕಾರಿ ಕಚೇರಿ ಶುರುವಾಯಿತು. ಸಡಿಲ ಭರ್ತಿಗಳ ಮೇಲಿನ 3 ಮೀಟರ್ ಮಣ್ಣನ್ನು ಅಗೆದು, ಪದರ ಪದರವಾಗಿ ಮತ್ತೆ ದಮ್ಮಸು ಮಾಡಿದರು. ಅಲ್ಲಿನ ಕತ್ತರಿಸಿದ ಗುಡ್ಡಗಳಿಗೆ ಮಳೆ ಇಳಿಯದಂತೆ ಮಣ್ಣು, ಸಿಮೆಂಟ್, ಸುಣ್ಣ ಕಲಸಿದ ಗಾರೆ ಬಳಿಯುವ ರೂಢಿಯೂ ಇತ್ತು. ಅದಕ್ಕೆ ಚುನಂ ಅನ್ನುತ್ತಾರೆ, ನಮ್ಮ ಸುಣ್ಣ ಎಂಬ ಪದದ ನೆಂಟ. ಆ ಗಾರೆ ಗುಡ್ಡವನ್ನು ಎತ್ತಿ ಹಿಡಿಯುವುದಿಲ್ಲ. ಒಳಗಿನ ಎಳೆತ ಕರಗದಂತೆ ಕಾಯುತ್ತದೆ, ಅಷ್ಟೇ.

ಉಬ್ಬುವ ಜೇಡಿಮಣ್ಣಿನ ಕಥೆ ಇದರ ಇನ್ನೊಂದು ಮುಖ. ಅಲ್ಲಿ ತೇವ ಏರಿಳಿದ ಹಾಗೆ ನೆಲವೇ ಏರಿಳಿಯುತ್ತದೆ. 1976ರ ಬರಗಾಲದಲ್ಲಿ ಇಂಗ್ಲೆಂಡಿನಲ್ಲಿ ಜೇಡಿಮಣ್ಣಿನ ನೆಲ ಒಣಗಿ ಕುಗ್ಗಿ ಬಹಳಷ್ಟು ಮನೆಗಳು ಬಿರುಕು ಬಿಟ್ಟವು. ದೊಡ್ಡ ಮರಗಳ ಬಳಿ ಜಾಸ್ತಿ, ಯಾಕೆಂದರೆ ಬೇರುಗಳೂ ಮಣ್ಣಿನಿಂದ ನೀರು ಎಳೆಯುತ್ತವೆ. ಅದರ ಬಗ್ಗೆ ಬರೆದರೆ ಇನ್ನೊಂದು ಪತ್ರ ಆಗುತ್ತದೆ, ಇಲ್ಲಿಗೆ ಬಿಡುತ್ತೇನೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಇನ್ನು ಮುಂದೆ ಕುಸಿತದ ಸುದ್ದಿ ಬರೆಯುವಾಗ ಮಣ್ಣು ಭಾರವಾಯಿತು ಎನ್ನುವುದನ್ನು ದಯವಿಟ್ಟು ಬಿಡಿ. ನೆನೆದು ಹಿಡಿತ ಬಿಟ್ಟಿತು ಎಂದು ಬರೆಯಿರಿ. ಇದು ಬರೀ ಪದದ ಜಗಳ ಅಲ್ಲ. ಭಾರ ಎಂದು ಓದಿದವರು ಭಾರಕ್ಕೆ ಮದ್ದು ಹುಡುಕುತ್ತಾರೆ, ದಪ್ಪ ತಡೆಗೋಡೆ ಕಟ್ಟಿ ಸುಮ್ನೆ ಕೂರುತ್ತಾರೆ. ಹಿಡಿತ ಎಂದು ಓದಿದವರು ನೀರು ಎಲ್ಲಿಂದ ಒಳಗೆ ಬಂತು ಎಂದು ಕೇಳುತ್ತಾರೆ. ಗುಡ್ಡದ ನೆತ್ತಿಯ ಬಿರುಕು ಮುಚ್ಚಿದ್ದರೋ? ಮೇಲಿನ ಚರಂಡಿ ಕಟ್ಟಿಕೊಂಡಿತ್ತೋ? ಪೈಪ್ ಸೋರುತ್ತಿತ್ತೋ? ಸೋರುವ ಪೈಪಿಗೆ ಮಳೆಗಾಲವೇ ಬೇಕಿಲ್ಲ, ನಡುಬೇಸಿಗೆಯಲ್ಲೂ ಅದು ಮಣ್ಣಿನ ಹಿಡಿತ ಬಿಡಿಸುತ್ತದೆ.

ಇನ್ನು ಕಾಲುವೆಯ ವಿಷಯ. ಅಮೆರಿಕದ ಕಾರ್ಮಿಕ ಸುರಕ್ಷತೆಯ ನಿಯಮದಲ್ಲಿ, ಗಟ್ಟಿ ಬಂಡೆಯಲ್ಲದ ನೆಲದಲ್ಲಿ 5 ಅಡಿ ಮತ್ತು ಅದಕ್ಕಿಂತ ಆಳದ ಕಾಲುವೆಗೆ ಆಸರೆ ಕೊಡಬೇಕು, ಇಲ್ಲವೇ ಗೋಡೆಯನ್ನು ಇಳಿಜಾರಾಗಿ ಕತ್ತರಿಸಬೇಕು. ತಿಳಿದವರೊಬ್ಬರು ಪ್ರತಿದಿನ ಕೆಲಸಕ್ಕೆ ಮೊದಲು ನೋಡಬೇಕು, ಮಳೆ ಬಂದ ಮೇಲೆ ಮತ್ತೆ ನೋಡಬೇಕು. ಆ ಕೊನೆಯ ಮಾತನ್ನು ಬರೆದವರಿಗೆ ಮಣ್ಣಿನ ಸ್ವಭಾವ ಚೆನ್ನಾಗಿ ಗೊತ್ತಿತ್ತು. ನಿಮ್ಮ ಪತ್ರಿಕೆ ಓದುವ ಮೇಸ್ತ್ರಿಗಳಿಗೆ, ಗುತ್ತಿಗೆದಾರರಿಗೆ ಇದೊಂದನ್ನು ದಪ್ಪ ಅಕ್ಷರದಲ್ಲಿ ಹಾಕಿ. ನೆಟ್ಟಗೆ ತೋಡಿದ ಮಣ್ಣು ಹತ್ತು ದಿನ ನಿಂತಿದ್ದರೆ ಹನ್ನೊಂದನೇ ದಿನವೂ ನಿಲ್ಲುತ್ತದೆ ಎಂದು ಅರ್ಥ ಅಲ್ಲ. ಹತ್ತು ದಿನ ಮಳೆ ಬರಲಿಲ್ಲ ಎಂದು ಮಾತ್ರ ಅರ್ಥ.

ನಿಮ್ಮ ವರದಿಗಾರರು ಮುಂದಿನ ಸಲ ಇಂಥ ಜಾಗಕ್ಕೆ ಹೋದರೆ, ಅಪಾಯ ಇಲ್ಲ ಎಂದು ಖಚಿತವಾದ ಮೇಲೆ, ಗಾಳಿಯಾಡದ ಮುಚ್ಚಳ ಇರುವ ಎರಡು ಡಬ್ಬಿ ಒಯ್ಯಲಿ. ಜಾರಿ ಬಿದ್ದ ಮಣ್ಣಿನಲ್ಲಿ ಒಂದು ಹಿಡಿ, ಪಕ್ಕದಲ್ಲಿ ಜಾರದೆ ನಿಂತಿರುವ ಮಣ್ಣಿನಲ್ಲಿ ಒಂದು ಹಿಡಿ. ಮುಚ್ಚಳದ ಸುತ್ತ ಟೇಪ್ ಸುತ್ತಿ, ಯಾವ ಮಣ್ಣು, ಎಷ್ಟು ಆಳ, ಎಷ್ಟು ಹೊತ್ತಿಗೆ ತೆಗೆದದ್ದು ಎಂದು ಬರೆದು ನನಗೆ ಕಳಿಸಲಿ. ತೂಗಿ, 105ರಿಂದ 110 ಡಿಗ್ರಿ ಒಲೆಯಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಿದರೆ ಎರಡರ ತೇವವೂ ತಿಳಿಯುತ್ತದೆ. ಆ ಎರಡು ಅಂಕಿಗಳನ್ನು ಮರುದಿನವೇ ನಿಮಗೆ ಕಳಿಸುತ್ತೇನೆ. ನಿಮ್ಮ ವರದಿಯ ಜೊತೆ ಅವನ್ನೂ ಅಚ್ಚು ಹಾಕಿ.

ಇತಿ ನಿಮ್ಮ ಓದುಗರಲ್ಲೊಬ್ಬಳು,
ಮಣ್ಣು ಪರೀಕ್ಷಾ ಲ್ಯಾಬ್‌ನ ನಿವೃತ್ತ ಉದ್ಯೋಗಿ